ಡಬ್ಬಿ ಎಸೆಯಬೇಡಿ, ಅದೂ ಸಿನಿಮಾದ ಭಾಗ



ದೀಪಾವಳಿ ಹತ್ತಿರ ಬಂತೆಂದರೆ ಅಹಮದಾಬಾದಿನ ಮನೆಮನೆಯಲ್ಲೂ ಕಪಾಟು ಖಾಲಿ ಮಾಡುವ ಕೆಲಸ ಶುರು. ನರೋಡಾ, ಕೃಷ್ಣನಗರ, ಬಾಪುನಗರದ ನಮ್ಮ ಕನ್ನಡ ಮನೆಗಳೂ ಇದಕ್ಕೆ ಹೊರತಲ್ಲ. ಹಾಗೆ ಹೊರಬೀಳುವ ಸಾಮಾನಿನಲ್ಲಿ ಹಳೆಯ ಸಿಡಿ, ಡಿವಿಡಿಗಳ ಒಂದು ಕಟ್ಟು ಇದ್ದೇ ಇರುತ್ತದೆ. ಊರಿಗೆ ಹೋದಾಗ ಸಾಂಬಾರ್ ಪುಡಿ, ಚಕ್ಕುಲಿಯ ಜೊತೆ ಬ್ಯಾಗಿಗೆ ತುಂಬಿಕೊಂಡು ತಂದದ್ದು. ಈಗ ಪ್ಲೇಯರ್ ಕೆಟ್ಟಿದೆ, ಸಿನಿಮಾ ಮೊಬೈಲಿನಲ್ಲೇ ಬರುತ್ತದೆ. ಕೆಲವರು ಇಡೀ ಕಟ್ಟನ್ನು ಪಸ್ತಿವಾಲಾನ ತಕ್ಕಡಿಗೆ ಹಾಕುತ್ತಾರೆ. ಇನ್ನು ಕೆಲವರು ಡಿಸ್ಕನ್ನು ಮಾತ್ರ ಪೌಚಿನಲ್ಲಿಟ್ಟುಕೊಂಡು, ಜಾಗ ತಿನ್ನುವ ಡಬ್ಬಿಯನ್ನೂ ಕವರನ್ನೂ ಎಸೆಯುತ್ತಾರೆ.

ಈ ಸಲ ಆ ಡಬ್ಬಿ, ಕವರುಗಳ ಪರವಾಗಿ ನಾಲ್ಕು ಮಾತು. ಅದರಲ್ಲೂ ನಾವು ತಮಾಷೆಗೆ ‘ಅವಾರ್ಡ್ ಸಿನಿಮಾ’ ಅನ್ನುತ್ತೇವಲ್ಲ, ಆ ಕಲಾತ್ಮಕ ಚಿತ್ರಗಳ ಡಿಸ್ಕುಗಳ ಬಗ್ಗೆ. ಜನಪ್ರಿಯ ಚಿತ್ರಕ್ಕೆ ಹಾಡುಗಳಿವೆ, ಪೋಸ್ಟರುಗಳಿವೆ, ಅಭಿಮಾನಿ ಸಂಘಗಳಿವೆ. ಅದನ್ನು ನೆನಪಿಡಲು ಸಾವಿರ ದಾರಿ. ಕಲಾತ್ಮಕ ಚಿತ್ರ ಕೆಲವೇ ಟಾಕೀಸುಗಳಲ್ಲಿ ಕೆಲವೇ ದಿನ ಓಡಿ, ದೂರದರ್ಶನದಲ್ಲಿ ಒಂದು ಭಾನುವಾರ ಮಧ್ಯಾಹ್ನ ಬಂದು ಮರೆಯಾಗುತ್ತಿತ್ತು. ಅಂಥ ಚಿತ್ರ ನಮ್ಮ ಕೈಗೆ ವಸ್ತುವಾಗಿ ಸಿಕ್ಕಿದ್ದು ಡಿಸ್ಕಿನ ರೂಪದಲ್ಲಿ ಮಾತ್ರ. ಆ ಚಿತ್ರವನ್ನು ಯಾರು ಮಾಡಿದರು, ಯಾವ ಕಥೆಯಿಂದ ಮಾಡಿದರು, ಎಷ್ಟು ಹೊತ್ತಿನದು ಎಂಬ ವಿವರವೆಲ್ಲ ಇರುವುದು ಕವರಿನ ಮೇಲೆ.

ಹಾಡಿನ ಪುಸ್ತಕದ ತಮ್ಮ

ಟೂರಿಂಗ್ ಟಾಕೀಸಿನ ಕಾಲದ ಹಿರಿಯರನ್ನು ಕೇಳಿ ನೋಡಿ. ಟೆಂಟಿನ ಬಾಗಿಲಲ್ಲಿ ಕೆಲವೇ ಪೈಸೆಗೆ ಸಿನಿಮಾದ ಹಾಡಿನ ಪುಸ್ತಕ ಮಾರುತ್ತಿದ್ದರು. ತೆಳ್ಳನೆಯ ಕಾಗದ, ಒಂದೇ ಬಣ್ಣದ ಮುದ್ರಣ. ಅದರೊಳಗೆ ತಾರಾಗಣ, ತಂತ್ರಜ್ಞರ ಹೆಸರು, ‘ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ’ ಎಂಬ ಧಾಟಿಯಲ್ಲಿ ಮುಗಿಯುವ ಕಥಾಸಾರಾಂಶ, ಆಮೇಲೆ ಹಾಡುಗಳು.

ಆ ಕಾಗದಗಳ ಬೆಲೆ ಇವತ್ತು ಗೊತ್ತಾಗುತ್ತಿದೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು. ಅದರ ಪ್ರಿಂಟ್ ಉಳಿದಿಲ್ಲ. ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ (1931) ಕೂಡ ಉಳಿದಿಲ್ಲ. ಇಂಥ ಚಿತ್ರಗಳ ಬಗ್ಗೆ ನಮಗೆ ತಿಳಿದಿರುವುದು ಸ್ಥಿರಚಿತ್ರ, ಜಾಹೀರಾತು, ಪ್ರಚಾರದ ಕಾಗದ, ಪತ್ರಿಕಾ ಬರಹಗಳಿಂದ. ಸಿನಿಮಾ ಹೋದ ಮೇಲೂ ಕಾಗದ ಉಳಿದು ಸಾಕ್ಷಿ ಹೇಳಿತು.

ಹಾಡೇ ಇಲ್ಲದ ಕಲಾತ್ಮಕ ಚಿತ್ರಕ್ಕೆ ಹಾಡಿನ ಪುಸ್ತಕ ಎಲ್ಲಿಂದ ಬರಬೇಕು? ಡಿಸ್ಕಿನ ಕವರ್ ಆ ಕೊರತೆ ತುಂಬಿತು. ಹಾಡಿನ ಪುಸ್ತಕದ ತಮ್ಮ ಅನ್ನಬಹುದು.

‘ಈಗ ಎಲ್ಲ ಇಂಟರ್‌ನೆಟ್ಟಿನಲ್ಲಿ ಇದೆಯಲ್ಲ’ ಎಂದು ನೀವು ಕೇಳಬಹುದು. ಇದೆ, ಆದರೆ ಅದು ಬಾಡಿಗೆ ಮನೆ. ಹಕ್ಕಿನ ಕರಾರು ಮುಗಿದ ದಿನ ಚಿತ್ರ ಅಲ್ಲಿಂದ ಹೊರಟುಹೋಗುತ್ತದೆ, ನಮಗೊಂದು ಮಾತು ಹೇಳುವುದೂ ಇಲ್ಲ. ಇತ್ತ ಡಿಸ್ಕಿನ ಕಾಲವೂ ಇಳಿಮುಖ. ಅಮೆರಿಕದಲ್ಲಿ ನೆಟ್‌ಫ್ಲಿಕ್ಸ್ 2023ರ ಸೆಪ್ಟೆಂಬರಿನಲ್ಲಿ ಡಿವಿಡಿ ಬಾಡಿಗೆ ಸೇವೆಯನ್ನು ನಿಲ್ಲಿಸಿತು. ಖಾಲಿ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನು ಸೋನಿ 2025ರ ಫೆಬ್ರುವರಿಯಲ್ಲಿ ಕೈಬಿಟ್ಟಿತು. ನಮ್ಮಲ್ಲಿ 2007ರಲ್ಲಿ ಮೋಸರ್ ಬೇಯರ್ ಕಂಪನಿ ವಿಸಿಡಿಗೆ 28 ರೂಪಾಯಿ, ಡಿವಿಡಿಗೆ 34 ರೂಪಾಯಿ ಬೆಲೆ ಇಟ್ಟು ಮಾರುಕಟ್ಟೆಯನ್ನೇ ಅಲ್ಲಾಡಿಸಿತ್ತು. ತರಕಾರಿ ಕೊಳ್ಳುವ ದುಡ್ಡಿನಲ್ಲಿ ಅಸಲಿ ಸಿನಿಮಾ ಮನೆಗೆ ಬಂತು. ಆ ಕಂಪನಿಯ ವ್ಯವಹಾರ ಮುಚ್ಚಿ ಆಸ್ತಿ ಮಾರಲು 2018ರಲ್ಲಿ ಆದೇಶವಾಯಿತು. ಆಗ ಸುಲಭವಾಗಿ ಸಿಕ್ಕಿದ್ದು ಇನ್ನು ಮುಂದೆ ಹಾಗೆ ಸಿಗುವುದಿಲ್ಲ. ನಿಮ್ಮ ಕಟ್ಟಿನಲ್ಲಿರುವ ಪ್ರತಿಗೆ ಬೆಲೆ ಬಂದಿರುವುದು ಹೀಗೆ.

ಮೂರು ಬಗೆಯ ಡಿಸ್ಕ್

ಮೊದಲು ಕೈಯಲ್ಲಿರುವುದು ಯಾವುದೆಂದು ಗುರುತಿಸೋಣ. ಮೂರೂ ನೋಡಲು ಒಂದೇ ಅಳತೆ, 12 ಸೆಂಟಿಮೀಟರ್ ಅಗಲ, 1.2 ಮಿಲಿಮೀಟರ್ ದಪ್ಪ. ಒಳಗಿನ ಸರಕು ಬೇರೆ.

ವಿಸಿಡಿ 1993ರಲ್ಲಿ ಬಂದದ್ದು. ಒಂದರಲ್ಲಿ ಹಿಡಿಸುವುದು ಸುಮಾರು 74ರಿಂದ 80 ನಿಮಿಷ. ಅದಕ್ಕೇ ಎರಡು ಗಂಟೆಯ ಚಿತ್ರ ಎರಡು ಡಿಸ್ಕಿನಲ್ಲಿ ಬರುತ್ತಿತ್ತು, ನಡುವೆ ಎದ್ದು ಬದಲಾಯಿಸಬೇಕಿತ್ತು. ನಮ್ಮ ದೇಶದ ವಿಸಿಡಿಯ ಚಿತ್ರ 352 ಅಡ್ಡ, 288 ಉದ್ದ ಚುಕ್ಕಿಗಳಿಂದ ಕೂಡಿದ್ದು. 1996ರಲ್ಲಿ ಬಂದ ಡಿವಿಡಿಯಲ್ಲಿ ಅದು 720ಕ್ಕೆ 576, ಅಂದರೆ ಸುಮಾರು ನಾಲ್ಕು ಪಟ್ಟು ವಿವರ. 2006ರ ಬ್ಲೂ-ರೇಯಲ್ಲಿ 1920ಕ್ಕೆ 1080, ಡಿವಿಡಿಯ ಐದು ಪಟ್ಟು. ಮಲೆನಾಡಿನ ಮಳೆಯನ್ನೋ ಅಗ್ರಹಾರದ ಕತ್ತಲೆ ಕೋಣೆಯನ್ನೋ ತೋರಿಸುವ ಚಿತ್ರಕ್ಕೆ ಈ ವ್ಯತ್ಯಾಸ ಬಹಳ ದೊಡ್ಡದು. ವಿಸಿಡಿಯಲ್ಲಿ ಕತ್ತಲೆ ಬರೀ ಕಪ್ಪು ಮುದ್ದೆ. ಒಳ್ಳೆಯ ಡಿವಿಡಿಯಲ್ಲಿ ಅದೇ ಕತ್ತಲೆಯೊಳಗೆ ಕಂಬ, ಬಾಗಿಲು, ಮುಖ ಕಾಣುತ್ತವೆ.

ಡಿವಿಡಿಯ ಇನ್ನೊಂದು ಉಪಕಾರ ಸಬ್‌ಟೈಟಲ್. ವಿಸಿಡಿಯಲ್ಲಿ ಅದು ಚಿತ್ರದ ಮೇಲೇ ಅಚ್ಚಾಗಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಡಿವಿಡಿಯಲ್ಲಿ ಬೇಕಾದಾಗ ಹಾಕಿ, ಬೇಡವಾದಾಗ ತೆಗೆಯಬಹುದು. ಗುಜರಾತಿನಲ್ಲೇ ಹುಟ್ಟಿ ಬೆಳೆದು, ಮನೆಯಲ್ಲಿ ಕನ್ನಡ ಮಾತಾಡಿದರೂ ‘ಸಂಸ್ಕಾರ’ದ ಮಾತು ಅರ್ಥವಾಗದ ನಮ್ಮ ಮಕ್ಕಳಿಗೆ, ಪಕ್ಕದ ಮನೆಯ ಪಟೇಲರಿಗೆ, ಆ ಎರಡು ಸಾಲಿನ ಇಂಗ್ಲಿಷೇ ಸೇತುವೆ. ಕವರಿನ ಹಿಂಬದಿಯಲ್ಲಿ ಸಬ್‌ಟೈಟಲ್ ಇದೆ ಎಂದು ಬರೆದಿದ್ದರೆ ಆ ಪ್ರತಿಯನ್ನು ಬಿಡಬೇಡಿ.

ಮುಖ, ಬೆನ್ನು, ಹಿಂಬದಿ

ಪ್ಯಾಕೇಜಿಂಗ್ ಎಂಬುದು ಅಹಮದಾಬಾದಿಗೆ ಹೊಸ ವಿಷಯವೇನಲ್ಲ. ಪಾಲ್ಡಿಯ ಎನ್‌ಐಡಿ 1961ರಿಂದ ವಿನ್ಯಾಸದ ಪಾಠ ಹೇಳುತ್ತಿದೆ. ವಸ್ತುವನ್ನು ಕಾಪಾಡುವುದು, ಒಳಗಿರುವುದೇನೆಂದು ನಿಜ ಹೇಳುವುದು, ಕಣ್ಣಿಗೆ ಹಿತವಾಗಿರುವುದು, ಈ ಮೂರೂ ಪ್ಯಾಕೇಜಿನ ಕೆಲಸ. ನಿಮ್ಮ ಡಿವಿಡಿ ಡಬ್ಬಿಯನ್ನೂ ಈ ಮೂರರಿಂದಲೇ ಅಳೆಯಿರಿ.

ಮುಖಪುಟದಿಂದ ಶುರು ಮಾಡೋಣ. ಚಿತ್ರ ಬಿಡುಗಡೆಯಾದಾಗಿನ ಪೋಸ್ಟರಿನ ಚಿತ್ರ, ಕೈಯಲ್ಲಿ ಬರೆದ ಶೀರ್ಷಿಕೆಯ ಅಕ್ಷರ ಬಳಸಿದ್ದಾರೆಯೇ? ಎಪ್ಪತ್ತರ ದಶಕದ ಕನ್ನಡ ಶೀರ್ಷಿಕೆಗಳನ್ನು ಕಲಾವಿದರು ಕುಂಚದಿಂದ ಬರೆಯುತ್ತಿದ್ದರು. ಚಿತ್ರದ ಗುಣ ಅಕ್ಷರದ ತಿರುವಿನಲ್ಲೇ ಗೊತ್ತಾಗುತ್ತಿತ್ತು. ಆಮೇಲೆ ಬಂದ ಅನೇಕ ಕವರುಗಳಲ್ಲಿ ಕಂಪ್ಯೂಟರಿನ ಸಿದ್ಧ ಅಕ್ಷರ ಹಾಕಿ, ಅದಕ್ಕೊಂದು ಹೊಳಪಿನ ಅಂಚು ಕೊಟ್ಟು ಮುಗಿಸಿದ್ದಾರೆ. ಕಪ್ಪು-ಬಿಳುಪು ಚಿತ್ರದ ನಟಿಗೆ ಗುಲಾಬಿ ಬಣ್ಣ ಬಳಿದ ಕವರುಗಳೂ ಉಂಟು. ನೋಡುವವನು ಬಣ್ಣದ ಚಿತ್ರವೆಂದು ಕೊಂಡು, ಮನೆಗೆ ಬಂದು ಬೈದುಕೊಳ್ಳುತ್ತಾನೆ. ಎರಡನೆಯ ಕೆಲಸದಲ್ಲಿ, ಅಂದರೆ ನಿಜ ಹೇಳುವುದರಲ್ಲಿ, ಆ ಕವರ್ ನಪಾಸು.

ಬೆನ್ನು ಅಂದರೆ ಕಪಾಟಿನಲ್ಲಿ ನಿಲ್ಲಿಸಿದಾಗ ಕಾಣುವ ಸಪೂರ ಪಟ್ಟಿ. ಸಾಮಾನ್ಯ ಡಿವಿಡಿ ಡಬ್ಬಿಯಲ್ಲಿ ಇದರ ಅಗಲ 14 ಮಿಲಿಮೀಟರ್. ಇದರ ಮೇಲೆ ಕನ್ನಡದಲ್ಲಿ ಹೆಸರಿದೆಯೇ, ಇಂಗ್ಲಿಷಿನಲ್ಲಿ ಮಾತ್ರವೇ? ಸಂಗ್ರಹ ಬೆಳೆದಂತೆ ಇದೇ ನಿಮ್ಮ ಸೂಚಿ. ಪೌಚಿಗೆ ಹಾಕಿದವರ ತೊಂದರೆ ಇಲ್ಲೇ ಗೊತ್ತಾಗುವುದು. ಒಂದು ಚಿತ್ರ ಹುಡುಕಲು ಐವತ್ತು ಪೌಚು ತಿರುವಬೇಕು, ತಿರುವಿದಾಗಲೆಲ್ಲ ಡಿಸ್ಕಿಗೆ ಒಂದು ಗೀರು.

ನಮ್ಮ ಕಾನೂನು ಕೆಲಸ ಮಾಡುವುದು ಹಿಂಬದಿಯಲ್ಲಿ. ಕೃತಿಸ್ವಾಮ್ಯ ಕಾಯ್ದೆಯ 52ಎ ಕಲಮಿನ ಪ್ರಕಾರ, ಮಾರುವ ಪ್ರತಿಯೊಂದು ವಿಡಿಯೊ ಚಿತ್ರದ ಡಬ್ಬಿಯ ಮೇಲೂ ಮೂರು ವಿಷಯ ಇರಬೇಕು: ಸೆನ್ಸಾರ್ ಪ್ರಮಾಣಪತ್ರದ ಪ್ರತಿ, ಡಿಸ್ಕ್ ತಯಾರಿಸಿದವರ ಹೆಸರು ವಿಳಾಸ ಮತ್ತು ಅವರು ಅನುಮತಿ ಪಡೆದಿದ್ದಾರೆಂಬ ಘೋಷಣೆ, ಹಕ್ಕುದಾರರ ಹೆಸರು ವಿಳಾಸ. ಈ ಸಣ್ಣ ಅಕ್ಷರಗಳನ್ನು ಯಾರೂ ಓದುವುದಿಲ್ಲ. ಆದರೆ ಇಪ್ಪತ್ತು ವರ್ಷದ ನಂತರ ಯಾರಾದರೂ ಆ ಚಿತ್ರವನ್ನು ಮತ್ತೆ ತೋರಿಸಬೇಕೆಂದು ಹೊರಟರೆ, ಹಕ್ಕು ಯಾರ ಬಳಿ ಇತ್ತು ಎಂದು ಹುಡುಕುವ ದಾರಿ ಅಲ್ಲಿಂದ ತೆರೆಯುತ್ತದೆ. ಅಸಲಿಯನ್ನು ನಕಲಿಯಿಂದ ಬೇರ್ಪಡಿಸುವ ಮೊದಲ ಪರೀಕ್ಷೆಯೂ ಅದೇ.

ಪೂರ್ತಿ ಇದೆಯೇ ಎಂದು ತಿಳಿಯುವುದು ಹೇಗೆ?

ಹಿಂಬದಿಯಲ್ಲಿ ನಿಮಿಷಗಳ ಲೆಕ್ಕ ಬರೆದಿರುತ್ತಾರೆ. ಅದನ್ನು ಪರೀಕ್ಷಿಸಲು ಒಂದು ಸುಲಭ ಉಪಾಯ ಇದೆ. ಚಿತ್ರದ ಆರಂಭದಲ್ಲಿ ಹಳೆಯ ಸೆನ್ಸಾರ್ ಸರ್ಟಿಫಿಕೇಟ್ ಕಾಣಿಸಿದರೆ ಒತ್ತಿ ನಿಲ್ಲಿಸಿ. ರೀಲುಗಳ ಸಂಖ್ಯೆ, ಉದ್ದ ಎಷ್ಟು ಮೀಟರ್ ಎಂದು ಅಲ್ಲಿ ಬರೆದಿರುತ್ತದೆ. 35 ಎಂಎಂ ಫಿಲ್ಮ್ ಒಂದು ನಿಮಿಷಕ್ಕೆ ಸುಮಾರು 27.4 ಮೀಟರ್ ಓಡುತ್ತದೆ. 3,000 ಮೀಟರ್ ಎಂದಿದ್ದರೆ ಚಿತ್ರ ಹೆಚ್ಚುಕಡಿಮೆ 110 ನಿಮಿಷದ್ದು.

ಇಲ್ಲಿ ಒಂದು ವಿನಾಯಿತಿ ಕೊಡಬೇಕು. ಟಾಕೀಸಿನಲ್ಲಿ ಸೆಕೆಂಡಿಗೆ 24 ಚಿತ್ರ ಓಡಿದರೆ, ನಮ್ಮ ಟಿವಿ ಪದ್ಧತಿಯಲ್ಲಿ 25. ಹಾಗಾಗಿ ಡಿವಿಡಿಯಲ್ಲಿ ಚಿತ್ರ ಚೂರು ಬೇಗ ಮುಗಿಯುತ್ತದೆ, 100 ನಿಮಿಷದ್ದು 96 ನಿಮಿಷಕ್ಕೆ. ನಮ್ಮ 110 ನಿಮಿಷದ ಚಿತ್ರ 105 ಅಥವಾ 106 ಆಗಿದ್ದರೆ ಕತ್ತರಿ ಬಿದ್ದಿಲ್ಲ ಎಂದು ನಿಶ್ಚಿಂತರಾಗಿ. 90 ಆಗಿದ್ದರೆ ಹದಿನೈದು ನಿಮಿಷದ ಸಿನಿಮಾ ಎಲ್ಲೋ ಕಳೆದುಹೋಗಿದೆ. ನಿಧಾನಗತಿಯ ಚಿತ್ರಗಳಲ್ಲಿ ‘ಏನೂ ನಡೆಯದ’ ದೃಶ್ಯಗಳಿಗೇ ಮೊದಲು ಕತ್ತರಿ ಬೀಳುವ ಅಪಾಯ. ಆ ಚಿತ್ರದ ಜೀವ ಇರುವುದೂ ಅಂಥ ದೃಶ್ಯಗಳಲ್ಲೇ.

ಚಿತ್ರದ ಆಕಾರವನ್ನೂ ಗಮನಿಸಿ. ಹಳೆಯ ಚಿತ್ರಗಳಲ್ಲಿ ಅನೇಕವು 4ಕ್ಕೆ 3ರ ಪ್ರಮಾಣದ, ಚೌಕಕ್ಕೆ ಹತ್ತಿರದ ಆಕಾರದವು. ಈಗಿನ ಅಗಲ ಟಿವಿಗೆ ಹೊಂದಲಿ ಎಂದು ಮೇಲೆ ಕೆಳಗೆ ಕತ್ತರಿಸಿದರೆ ಪಾತ್ರಗಳ ತಲೆಯೋ ಪಾದವೋ ಮಾಯ. ಎರಡು ಬದಿಯಲ್ಲಿ ಕಪ್ಪು ಪಟ್ಟಿ ಬಂದರೆ ಟಿವಿ ಕೆಟ್ಟಿದೆ ಎಂದುಕೊಳ್ಳಬೇಡಿ, ಚಿತ್ರ ಸರಿಯಾಗಿದೆ ಎಂದುಕೊಳ್ಳಿ.

ಹೆಸರುಗಳನ್ನು ತಾಳೆ ನೋಡಿ

ಕವರುಗಳಲ್ಲಿ ಅತಿ ಹೆಚ್ಚು ಅನ್ಯಾಯ ಆಗುವುದು ಹೆಸರುಗಳಿಗೆ. ನಾಯಕ, ನಾಯಕಿ, ನಿರ್ದೇಶಕ, ಅಲ್ಲಿಗೆ ಮುಗಿಯಿತು. ಕಥೆ ಬರೆದವರು, ಕ್ಯಾಮೆರಾ ಹಿಡಿದವರು ಬಿಟ್ಟುಹೋಗುತ್ತಾರೆ. ನಿಮ್ಮ ಹತ್ತಿರ ಇರುವ ಪ್ರತಿಗಳ ಜೊತೆ ತಾಳೆ ನೋಡಲಿ ಎಂದು ಕೆಲವು ಚಿತ್ರಗಳ ವಿವರ ಕೊಡುತ್ತಿದ್ದೇನೆ.

ಸಂಸ್ಕಾರ (1970): ನಿರ್ದೇಶನ ಪಟ್ಟಾಭಿರಾಮ ರೆಡ್ಡಿ, ಕಾದಂಬರಿ ಯು.ಆರ್. ಅನಂತಮೂರ್ತಿ, ಛಾಯಾಗ್ರಹಣ ಆಸ್ಟ್ರೇಲಿಯದ ಟಾಮ್ ಕೋವನ್, ಸಂಗೀತ ರಾಜೀವ ತಾರಾನಾಥ, ಕಲಾ ನಿರ್ದೇಶನ ಚಿತ್ರಕಲಾವಿದ ಎಸ್.ಜಿ. ವಾಸುದೇವ್. ಪ್ರಾಣೇಶಾಚಾರ್ಯರಾಗಿ ಗಿರೀಶ ಕಾರ್ನಾಡ, ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಸೆನ್ಸಾರ್ ಮೊದಲು ತಡೆ ಹಿಡಿದಿದ್ದ ಈ ಚಿತ್ರವೇ ಆಮೇಲೆ ರಾಷ್ಟ್ರದ ಅತ್ಯುತ್ತಮ ಚಿತ್ರ ಪ್ರಶಸ್ತಿ ಪಡೆದ ಮೊದಲ ಕನ್ನಡ ಚಿತ್ರವಾಯಿತು.

ಚೋಮನ ದುಡಿ (1975): ನಿರ್ದೇಶನ, ಸಂಗೀತ ಬಿ.ವಿ. ಕಾರಂತ. ಕಾದಂಬರಿ ಶಿವರಾಮ ಕಾರಂತ. ಛಾಯಾಗ್ರಹಣ ಎಸ್. ರಾಮಚಂದ್ರ. ಚೋಮನಾಗಿ ವಾಸುದೇವ ರಾವ್. ಇಬ್ಬರು ಕಾರಂತರನ್ನು ಒಬ್ಬರನ್ನಾಗಿ ಮಾಡಿದ್ದಾರೆಯೇ ನೋಡಿಕೊಳ್ಳಿ.

ಘಟಶ್ರಾದ್ಧ (1977): ನಿರ್ದೇಶನ ಗಿರೀಶ್ ಕಾಸರವಳ್ಳಿ, ಕಥೆ ಅನಂತಮೂರ್ತಿ, ಛಾಯಾಗ್ರಹಣ ಎಸ್. ರಾಮಚಂದ್ರ, ಸಂಗೀತ ಬಿ.ವಿ. ಕಾರಂತ. ಯಮುನಕ್ಕನಾಗಿ ಮೀನಾ ಕುಟ್ಟಪ್ಪ.

ತಬರನ ಕಥೆ (1986): ನಿರ್ದೇಶನ ಕಾಸರವಳ್ಳಿ, ಕಥೆ ಪೂರ್ಣಚಂದ್ರ ತೇಜಸ್ವಿ, ಛಾಯಾಗ್ರಹಣ ಮಧು ಅಂಬಟ್, ತಬರನಾಗಿ ಚಾರುಹಾಸನ್.

ದ್ವೀಪ (2002): ನಿರ್ದೇಶನ ಕಾಸರವಳ್ಳಿ, ಕಾದಂಬರಿ ನಾ. ಡಿಸೋಜ, ಛಾಯಾಗ್ರಹಣ ಎಚ್.ಎಂ. ರಾಮಚಂದ್ರ. ನಟಿಸಿ ನಿರ್ಮಿಸಿದವರು ಸೌಂದರ್ಯ.

ಹೆಸರು ಬಿಟ್ಟುಹೋಗಿದ್ದರೆ ಒಂದು ಚೀಟಿಯಲ್ಲಿ ಬರೆದು ಡಬ್ಬಿಯೊಳಗೆ ಇಡಿ. ಕವರಿನ ಮೇಲೆ ಬರೆಯಬೇಡಿ, ಡಿಸ್ಕಿನ ಮೇಲಂತೂ ಬೇಡವೇ ಬೇಡ. ಚಿತ್ರವನ್ನು ಎಲ್ಲಿ ಕೊಂಡಿರಿ, ಯಾವ ವರ್ಷ ಎಂಬುದನ್ನೂ ಆ ಚೀಟಿಯಲ್ಲೇ ಸೇರಿಸಿ. ಮುಂದೆ ಮಕ್ಕಳ ಕೈಗೆ ಸಿಕ್ಕಿದಾಗ ಆ ಚೀಟಿಯೇ ಹಾಡಿನ ಪುಸ್ತಕ.

ಹೊರದೇಶದ ಡಬ್ಬಿಗಳಿಂದ ಕಲಿಯಬೇಕಾದ್ದು

ಕಲಾತ್ಮಕ ಚಿತ್ರವನ್ನು ಗೌರವದಿಂದ ಡಬ್ಬಿಗೆ ಹಾಕುವುದು ಹೇಗೆ ಎಂಬುದಕ್ಕೆ ಅಮೆರಿಕದ ಕ್ರೈಟೀರಿಯನ್ ಕಲೆಕ್ಷನ್ ಸಂಸ್ಥೆ ಒಂದು ಮಾದರಿ. 1984ರಲ್ಲಿ ಲೇಸರ್‌ಡಿಸ್ಕಿನಿಂದ ಶುರುವಾದ ಇದು 1998ರಲ್ಲಿ ಡಿವಿಡಿಗೆ ಬಂತು. ಪ್ರತಿ ಬಿಡುಗಡೆಗೂ ಬೆನ್ನಿನ ಮೇಲೆ ಒಂದು ಕ್ರಮಸಂಖ್ಯೆ. ಹೊಸದಾಗಿ ಬರೆಸಿದ ಮುಖಪುಟ, ಒಳಗೆ ಪ್ರಬಂಧ ಇರುವ ಪುಸ್ತಿಕೆ, ಚಿತ್ರವನ್ನು ಯಾವ ನೆಗೆಟಿವ್‌ನಿಂದ ಹೇಗೆ ತಯಾರಿಸಿದರು ಎಂಬ ಟಿಪ್ಪಣಿ. ಈ ಕೊನೆಯದಕ್ಕೇ ಹೆಚ್ಚು ಬೆಲೆ.

ಸತ್ಯಜಿತ್ ರಾಯ್ ಅವರ ಅಪು ಚಿತ್ರತ್ರಯವನ್ನೇ ನೋಡಿ. 1993ರಲ್ಲಿ ಲಂಡನ್ನಿನ ಲ್ಯಾಬೊಂದರಲ್ಲಿ ಬೆಂಕಿ ಬಿದ್ದು ಅದರ ಮೂಲ ನೆಗೆಟಿವ್‌ಗಳು ಸುಟ್ಟವು. ಕರಕಲಾದ ರೀಲುಗಳನ್ನು ಎಸೆಯದೆ ಎತ್ತಿಟ್ಟಿದ್ದರು. ಎರಡು ದಶಕದ ನಂತರ ಇಟಲಿಯ ಬೊಲೊನ್ಯಾದ ಲ್ಯಾಬಿನಲ್ಲಿ ಸುಮಾರು ಸಾವಿರ ಗಂಟೆ ಕೈಕೆಲಸ ಮಾಡಿ ಅವನ್ನು ಬಿಡಿಸಿ, ಅಂಟಿಸಿ, ಸ್ಕ್ಯಾನ್ ಮಾಡಿದರು. ‘ಪಥೇರ್ ಪಾಂಚಾಲಿ’ಯ ಸುಮಾರು ಶೇಕಡ 40ರಷ್ಟು ಭಾಗ ಆ ಸುಟ್ಟ ನೆಗೆಟಿವ್‌ನಿಂದಲೇ ಮರಳಿ ಬಂತು. 2015ರಲ್ಲಿ ಪೆಟ್ಟಿಗೆಯಾಗಿ ಹೊರಬಂದ ಈ ಮೂರು ಚಿತ್ರಗಳ ಜೊತೆ ಆ ಕಥೆಯೂ ದಾಖಲಾಗಿದೆ. ಉದಯ ಶಂಕರ್ ಅವರ ನೃತ್ಯಚಿತ್ರ ‘ಕಲ್ಪನಾ’ (1948) ಇದೇ ಸಂಸ್ಥೆಯ 2022ರ ಪೆಟ್ಟಿಗೆಯೊಂದರಲ್ಲಿದೆ. ಬ್ರಿಟನ್ನಿನ ಸೆಕೆಂಡ್ ರನ್ ಸಂಸ್ಥೆ ಅಡೂರ್ ಗೋಪಾಲಕೃಷ್ಣನ್ ಅವರ ‘ಎಲಿಪ್ಪತ್ತಾಯಂ’ (1981) ಚಿತ್ರವನ್ನು ಡಿವಿಡಿಯಾಗಿ ತಂದಿತು.

ಕನ್ನಡದ ಸರದಿಯೂ ಬಂದಿದೆ. ‘ಕಲ್ಪನಾ’ವನ್ನು ಉಳಿಸಿದ ಮಾರ್ಟಿನ್ ಸ್ಕಾರ್ಸೇಸಿ ಅವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಮತ್ತು ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸೇರಿ ‘ಘಟಶ್ರಾದ್ಧ’ವನ್ನು 4ಕೆ ಗುಣಮಟ್ಟದಲ್ಲಿ ಪುನರುಜ್ಜೀವನಗೊಳಿಸಿದವು. 2024ರ ವೆನಿಸ್ ಚಿತ್ರೋತ್ಸವದಲ್ಲಿ ಅದು ತೆರೆ ಕಂಡಿತು. 1977ರ ಮಲೆನಾಡಿನ ಅಗ್ರಹಾರ 47 ವರ್ಷದ ನಂತರ ವೆನಿಸ್ಸಿನ ಪರದೆಯ ಮೇಲೆ!

ವಿದೇಶದಲ್ಲಿರುವ ಅಣ್ಣ, ಅಕ್ಕ ಇಂಥ ಪೆಟ್ಟಿಗೆ ತರುತ್ತೇನೆ ಎಂದರೆ ಒಂದು ಎಚ್ಚರಿಕೆ ಹೇಳಿ. ಡಿವಿಡಿಗೆ ವಲಯ ಸಂಖ್ಯೆ ಇದೆ. ಅಮೆರಿಕ 1, ಯುರೋಪ್ 2, ಭಾರತ 5. ಬ್ಲೂ-ರೇಯಲ್ಲಿ ಅಮೆರಿಕ ಎ, ಬ್ರಿಟನ್ ಬಿ, ಭಾರತ ಸಿ. ಹಿಂಬದಿಯಲ್ಲಿ ಸಣ್ಣ ಭೂಗೋಳದ ಗುರುತಿನೊಳಗೆ ಇದನ್ನು ಮುದ್ರಿಸಿರುತ್ತಾರೆ. ಎಲ್ಲ ವಲಯಕ್ಕೂ ನಡೆಯುವಂಥದ್ದೇ, ನಿಮ್ಮ ಪ್ಲೇಯರ್ ಒಪ್ಪುತ್ತದೆಯೇ ಎಂದು ಮೊದಲೇ ನೋಡದಿದ್ದರೆ ಸಾವಿರಾರು ರೂಪಾಯಿಯ ಪೆಟ್ಟಿಗೆ ಶೋಕೇಸಿನ ಬೊಂಬೆಯಾಗುತ್ತದೆ.

ಎರಡು ರೂಪಾಯಿಯ ಸಿನಿಮಾ

ಗುಜರಾತಿನ ಕನ್ನಡಿಗರ ಕಪಾಟಿನಲ್ಲಿ ಇರಲೇಬೇಕಾದ ಒಂದು ಹಿಂದಿ ಚಿತ್ರ ಇದೆ. ಶ್ಯಾಮ್ ಬೆನಗಲ್ ಅವರ ‘ಮಂಥನ್’ (1976). ಗುಜರಾತಿನ 5 ಲಕ್ಷ ಹಾಲು ಉತ್ಪಾದಕ ರೈತರು ತಲಾ 2 ರೂಪಾಯಿ ಹಾಕಿ ನಿರ್ಮಿಸಿದ ಚಿತ್ರ. ಹಳ್ಳಿಗೆ ಬಂದು ಹಾಲಿನ ಸಹಕಾರ ಸಂಘ ಕಟ್ಟುವ ಡಾಕ್ಟರ್ ರಾವ್ ಪಾತ್ರ ಮಾಡಿದವರು ನಮ್ಮ ಗಿರೀಶ ಕಾರ್ನಾಡರು. ಚಿತ್ರಕಥೆ ವಿಜಯ್ ತೆಂಡೂಲ್ಕರ್, ಛಾಯಾಗ್ರಹಣ ಗೋವಿಂದ ನಿಹಲಾನಿ, ಸಂಗೀತ ವನರಾಜ್ ಭಾಟಿಯಾ, ಜೊತೆಗೆ ಸ್ಮಿತಾ ಪಾಟೀಲ್, ನಾಸಿರುದ್ದೀನ್ ಶಾ. ಗುಜರಾತಿನ ದುಡ್ಡು, ಗುಜರಾತಿನ ಕಥೆ, ನಡುವೆ ಒಬ್ಬ ಕನ್ನಡಿಗ. ಇಲ್ಲಿಗೆ ಕೆಲಸಕ್ಕೆ ಬಂದು ನೆಲೆ ನಿಂತ ನಮ್ಮೆಲ್ಲರ ಪ್ರತಿನಿಧಿಯಂತೆ ಅವರು ಕಾಣುತ್ತಾರೆ.

ಈ ಚಿತ್ರವನ್ನೂ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸರಿಪಡಿಸಿ 2024ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೋರಿಸಿತು. ಅದೇ ವರ್ಷ ಜೂನ್‌ನಲ್ಲಿ ಭಾರತದ ಚಿತ್ರಮಂದಿರಗಳಲ್ಲೂ ಅದು ಬಂತು. ಇದರ ಹಳೆಯ ಡಿಸ್ಕ್ ಸಿಕ್ಕಿದರೆ ಕವರ್ ತಿರುಗಿಸಿ ನೋಡಿ. ನಿರ್ಮಾಪಕರ ಜಾಗದಲ್ಲಿ ರೈತರ ಉಲ್ಲೇಖ ಇದೆಯೇ? 5 ಲಕ್ಷ ಜನರ ಹೆಸರು ಯಾವ ಕವರಿಗೂ ಹಿಡಿಸುವುದಿಲ್ಲ, ನಿಜ. ಒಂದು ಸಾಲು ಹಿಡಿಸುತ್ತದೆ.

ಹುಡುಕುವುದು, ಕೊಳ್ಳುವುದು

ಹೊಸ ಡಿಸ್ಕಿನ ಅಂಗಡಿಗಳು ಮುಚ್ಚುತ್ತಾ ಹೋದ ಮೇಲೆ ಉಳಿದದ್ದು ಹಳೆಯ ಸಾಮಾನಿನ ಸಂತೆ. ನಾವು ಊರಿನಲ್ಲಿ ಗುಜರಿ ಅನ್ನುತ್ತೇವೆ. ಇಲ್ಲಿಯವರೂ ಸಾಬರಮತಿ ದಂಡೆಯ ಭಾನುವಾರದ ಸಂತೆಯನ್ನು ಗುಜರಿ ಬಜಾರ್ ಅನ್ನುತ್ತಾರೆ, ರವಿವಾರಿ ಎಂದೂ ಕರೆಯುತ್ತಾರೆ. ಹಳೆಯ ಪುಸ್ತಕಗಳ ಪಕ್ಕದಲ್ಲಿ ಡಿಸ್ಕಿನ ರಾಶಿ ಕಂಡರೆ ಕೂತು ತಿರುವಿ. ಊರಿಗೆ ಹೋದಾಗ ಹಳೆಯ ವಿಡಿಯೊ ಲೈಬ್ರರಿಗಳನ್ನೂ ವಿಚಾರಿಸಿ.

ಕೊಳ್ಳುವಾಗ ಡಬ್ಬಿ ತೆರೆದು ಡಿಸ್ಕನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಅಚ್ಚು ಹಾಕಿದ ಅಸಲಿ ಡಿಸ್ಕಿನ ಕೆಳಮೈ ಬೆಳ್ಳಿಯ ಅಥವಾ ತಿಳಿ ಚಿನ್ನದ ಬಣ್ಣದ್ದು. ನೇರಳೆ ಅಥವಾ ನೀಲಿ ಛಾಯೆ ಇದ್ದರೆ ಅದು ಕಂಪ್ಯೂಟರಿನಲ್ಲಿ ಬರೆದ ನಕಲಾಗಿರುವ ಸಾಧ್ಯತೆ ಹೆಚ್ಚು. ನಡುವಿನಿಂದ ಅಂಚಿಗೆ ಹೋಗುವ ಸಣ್ಣ ಗೀರನ್ನು ಪ್ಲೇಯರ್ ಸಹಿಸುತ್ತದೆ. ಸುತ್ತಳತೆಯ ಉದ್ದಕ್ಕೆ ಬಿದ್ದ ಗೀರು ಒಂದೇ ಜಾಗದ ಮಾಹಿತಿಯನ್ನು ಉದ್ದಕ್ಕೂ ಅಳಿಸುವುದರಿಂದ ಅಪಾಯ. ಬೆಳಕಿಗೆ ಎತ್ತಿ ಹಿಡಿದಾಗ ಸೂಜಿಮೊನೆಯಷ್ಟು ತೂತುಗಳು ಹೊಳೆದರೆ ಒಳಗಿನ ಲೋಹದ ಪದರ ಕೆಡುತ್ತಿದೆ ಎಂದರ್ಥ. ಆಗಲೂ ಕವರ್ ಚೆನ್ನಾಗಿದ್ದರೆ ಹತ್ತು ರೂಪಾಯಿಗೆ ಕೊಳ್ಳಲು ಅಡ್ಡಿಯಿಲ್ಲ. ಮನೆಯಲ್ಲಿ ಪೌಚಿನಲ್ಲಿರುವ ಡಿಸ್ಕಿಗೆ ಮನೆ ಸಿಕ್ಕಂತಾಗುತ್ತದೆ.

ನರೋಡಾದ ಬಿಸಿಲು, ದೂಳು

ಕೊನೆಗೆ ಕಾಪಾಡುವ ಮಾತು. ಡಿಸ್ಕುಗಳನ್ನು 20 ಡಿಗ್ರಿಗಿಂತ ತಣ್ಣಗಿನ, ಒಣ ಜಾಗದಲ್ಲಿಡಬೇಕು ಎಂದು ಅಮೆರಿಕದ ಮಾಪನ ಸಂಸ್ಥೆಯ 2003ರ ಕೈಪಿಡಿ ಹೇಳುತ್ತದೆ. ನಮ್ಮ ಅಹಮದಾಬಾದಿನಲ್ಲಿ 2016ರ ಮೇ 20ರಂದು 48 ಡಿಗ್ರಿ ಮುಟ್ಟಿತ್ತು! ಕೈಪಿಡಿಯನ್ನು ಪೂರ್ತಿ ಪಾಲಿಸಲು ಆಗದು, ಆದಷ್ಟು ಮಾಡೋಣ.

ಮೇಲ್ಛಾವಣಿಯ ಕೆಳಗಿನ ಅಟ್ಟದಲ್ಲಿ, ಪಶ್ಚಿಮದ ಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ. ಮನೆಯ ನಡುಕೋಣೆಯ ಕೆಳಗಿನ ಕಪಾಟು ಉತ್ತಮ. ಕಾರಿನಲ್ಲಂತೂ ಬಿಟ್ಟು ಬರಲೇಬೇಡಿ. ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ, ಒಂದರ ಮೇಲೊಂದು ಪೇರಿಸಿದರೆ ಡಿಸ್ಕ್ ಬಾಗುತ್ತದೆ. ಕಾರ್ಖಾನೆ ಪ್ರದೇಶದ ದೂಳು ನಮ್ಮಲ್ಲಿ ಜಾಸ್ತಿ, ಗಾಜಿನ ಅಥವಾ ಮರದ ಬಾಗಿಲು ಇರಲಿ.

ಡಬ್ಬಿಯ ನಡುವಿನ ಗುಂಡಿಯನ್ನು ಒತ್ತಿಯೇ ಡಿಸ್ಕ್ ತೆಗೆಯಿರಿ. ಡಿವಿಡಿ ಎಂದರೆ 0.6 ಮಿಲಿಮೀಟರಿನ ಎರಡು ತೆಳು ಬಿಲ್ಲೆಗಳ ಅಂಟು, ಬಗ್ಗಿಸಿ ಎಳೆದರೆ ಬಿಟ್ಟುಕೊಳ್ಳಬಹುದು. ವಿಸಿಡಿಯಲ್ಲಿ ಮಾಹಿತಿ ಇರುವುದು ಚಿತ್ರ ಮುದ್ರಿಸಿದ ಮೇಲ್ಮೈಯ ಬುಡದಲ್ಲೇ. ಹಾಗಾಗಿ ಕೆಳಮೈಗಿಂತ ಮೇಲ್ಮೈಯ ಗೀರು ಹೆಚ್ಚು ಘಾತಕ. ವಿಸಿಡಿಯನ್ನು ಬೋರಲು ಹಾಕಿಯೂ ಮೇಜಿನ ಮೇಲೆ ಎಳೆಯಬೇಡಿ. ಒರೆಸುವಾಗ ಮೆತ್ತನೆ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಉಜ್ಜಬೇಡಿ. ಅಗ್ಗದ ಪ್ಲಾಸ್ಟಿಕ್ ಪೌಚು ಬಿಸಿಲಿಗೆ ಬೆವತು ಡಿಸ್ಕಿಗೆ ಅಂಟಿಕೊಳ್ಳುತ್ತದೆ. ಡಿಸ್ಕ್ ಯಾವುದಕ್ಕೂ ತಾಗದಂತೆ, ನಡುವಿನ ಗುಂಡಿಯ ಮೇಲಷ್ಟೇ ನಿಲ್ಲುವುದು ಡಬ್ಬಿಯಲ್ಲಿ ಮಾತ್ರ. ಹೀಗೆ ಕಂಪನಿಯ ಡಬ್ಬಿಯೇ ಅದಕ್ಕೆ ಅತಿ ಒಳ್ಳೆಯ ಮನೆ.

ಕೆಟ್ಟ ಪ್ಲೇಯರನ್ನು ರಿಪೇರಿ ಮಾಡಿಸಿ, ಇಲ್ಲವೇ ಕಂಪ್ಯೂಟರಿಗೆ ಜೋಡಿಸುವ ಹೊರಗಿನ ಡಿವಿಡಿ ಡ್ರೈವ್ ಒಂದನ್ನು ತನ್ನಿ. ಈ ದೀಪಾವಳಿಗೆ ಕಟ್ಟು ಬಿಚ್ಚಿದಾಗ ಪ್ರತಿಯೊಂದನ್ನೂ ಒಮ್ಮೆ ಹಾಕಿ ನೋಡಿ, ಓಡುವವನ್ನು ಪಟ್ಟಿ ಮಾಡಿ. ಚಿತ್ರದ ಹೆಸರು, ವರ್ಷ, ಡಿಸ್ಕಿನ ಬಗೆ, ಸಬ್‌ಟೈಟಲ್ ಉಂಟೋ ಇಲ್ಲವೋ, ನಾಲ್ಕು ಕಾಲಂ ಸಾಕು. ಆ ಪಟ್ಟಿಯ ಒಂದು ಪ್ರತಿಯನ್ನು ನಮ್ಮ ಕನ್ನಡ ವಿಭಾಗಕ್ಕೂ ಕಳುಹಿಸಿ. ಯಾರ ಮನೆಯಲ್ಲಿ ಯಾವ ಚಿತ್ರ ಉಳಿದಿದೆ ಎಂದು ಗೊತ್ತಾದರೆ ನರೋಡಾದ ‘ಚೋಮನ ದುಡಿ’ಯನ್ನು ಮಣಿನಗರದವರೂ ಕೂತು ನೋಡಬಹುದು.

ಪಸ್ತಿವಾಲಾ ಬಂದಾಗ ಹಳೆಯ ಪೇಪರ್ ಕೊಡಿ, ಖಾಲಿ ಡಬ್ಬ ಕೊಡಿ. ಸಿನಿಮಾದ ಡಬ್ಬಿ ಮಾತ್ರ ಕಪಾಟಿನಲ್ಲೇ ಇರಲಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ. ಅಲ್ಲಿಯವರೆಗೆ ಕೇಳುತ್ತಿರಿ, ನೋಡುತ್ತಿರಿ, ಕಾಪಾಡುತ್ತಿರಿ.